ಹೂವಿನ ಗಿಡಗಳಿಂದ ಮಕ್ಕಳಿಗೆ ಶ್ರದ್ಧೆ, ಪೋಷಣೆ ಹೇಳಿಕೊಡುವುದು: ಯಾವ ಗಿಡ, ಎಂತ ಕ್ರಮ?

ಅಂಬಲಪಾಡಿ ಟೀಚರ್:

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಭಜನಾ ಮಂದಿರದಲ್ಲಿ ಶನಿವಾರ ಸಂಜೆ ಮಕ್ಕಳ ತರಗತಿ ಉಂಟು. 8ರಿಂದ 14 ವರ್ಷದೊಳಗಿನ ಹದಿನೈದು ಮಕ್ಕಳು. ಶ್ಲೋಕ, ಭಜನೆ, ಕಥೆ ನಡೀತದೆ. ಈ ಜೂನ್‌ನಿಂದ ಅದರ ಜೊತೆಗೆ ಹೂವಿನ ಗಿಡ ಸಾಕುವುದನ್ನೂ ಸೇರಿಸಬೇಕು ಅಂತ ನಿರ್ಧಾರ ಆಗಿದೆ. ಮಕ್ಕಳಿಗೆ ಮುಟ್ಟಿಸಬೇಕಾದ್ದು ಎರಡು ವಿಷಯ. ಒಂದು ಶ್ರದ್ಧೆ, ಅಂದರೆ ಕಣ್ಣಿಗೆ ಕಾಣದೆ ಇರುವಾಗಲೂ ನಂಬಿ ಕೆಲಸ ಮಾಡುವುದು. ಇನ್ನೊಂದು ಪೋಷಣೆ, ಇನ್ನೊಂದು ಜೀವವನ್ನು ಅದಕ್ಕೆ ಬೇಕಾದ ಹಾಗೆ ಸಾಕುವುದು.

"ಕಮಲ ಕೆಸರಿನಲ್ಲಿ ಅರಳ್ತದೆ, ನೀವೂ ಹಾಗೆ ಇರಿ" ಅಂತ ಚಾರ್ಟ್ ಬರೆಸಿ ಗೋಡೆಗೆ ಅಂಟಿಸುವುದು ಬೇಡ. ಗಿಡ ನಿಜವಾಗಿ ಮಾಡುವ ಕೆಲಸವನ್ನು ಮಕ್ಕಳು ಕೈಯಾರೆ ನೋಡಬೇಕು, ಪಾಠ ಅಲ್ಲಿಂದಲೇ ಬರಬೇಕು. ಗಿಡದ ಬಗ್ಗೆ ಸುಳ್ಳು ಹೇಳಿ ದೇವರ ಬಗ್ಗೆ ಸತ್ಯ ಹೇಳಿಕೊಡಲಿಕ್ಕೆ ಆಗುವುದಿಲ್ಲ ಅಂತ ನನ್ನ ನಂಬಿಕೆ.

ಜಾಗದ ವಿವರ: ಟೆರೇಸಿನಲ್ಲಿ ಒಳ್ಳೆ ಬಿಸಿಲು. ಎದುರಿನ ಅಂಗಳದಲ್ಲಿ ಅರ್ಧ ದಿನ ನೆರಳು, ಗೇಟಿನ ಹತ್ತಿರ ಬೀದಿದೀಪ. ನೆಲ ಕೆಂಪುಕಲ್ಲಿನ ಗಟ್ಟಿ ನೆಲ, ಹಾಗಾಗಿ ಹೆಚ್ಚಿನದು ಚಟ್ಟಿಯಲ್ಲೇ (ಕುಂಡದಲ್ಲೇ) ಆಗಬೇಕು. ಯಾವ ಗಿಡ, ಯಾವ ತಿಂಗಳಲ್ಲಿ ಎಂತ ಮಾಡಿಸುವುದು, ಎಲ್ಲಿ ಹಾಳಾಗ್ತದೆ ಅಂತ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಶಂಕರಪುರ ಮಲ್ಲಿಗೆ:

ಟೀಚರೇ, ನಮ್ಮ ಊರಲ್ಲಿ ಈ ಪಾಠಕ್ಕೆ ಮಲ್ಲಿಗೆ ಬಿಟ್ಟು ಬೇರೆ ಗಿಡದಿಂದ ಶುರು ಮಾಡುವುದು ಸರಿಯಲ್ಲ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಉಂಟು. ಶಂಕರಪುರ, ಶಿರ್ವ, ಕಟಪಾಡಿ ಕಡೆ ಹಿಂದೂ ಮನೆಯವರೂ ಕ್ರೈಸ್ತ ಮನೆಯವರೂ ಅಂಗಳದಲ್ಲೇ ಬೆಳೆಸಿ, ಬೆಳಿಗ್ಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಕಳಿಸ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆ ಅಂದರೆ 3200 ಮೊಗ್ಗು, ಅಷ್ಟನ್ನೂ ಯಾರೋ ಒಂದೊಂದಾಗಿ ಮುಟ್ಟಿ ಕೊಯ್ದದ್ದು. ದೇವರ ಮುಡಿಯಲ್ಲಿ ಕಾಣುವ ಹೂವಿನ ಹಿಂದೆ ಎಷ್ಟು ಕೈ ಉಂಟು ಅಂತ ತಿಳಿಸಲಿಕ್ಕೆ ಮಕ್ಕಳಿಗೆ ಬರೇ ಒಂದು ಚೆಂಡಿನ ಮೊಗ್ಗು ಎಣಿಸಲಿಕ್ಕೆ ಹೇಳಿ, ಸಾಕು.

ಈಗ ಕೆಲಸದ ವಿಷಯ. ಬೀಜದಿಂದ ಮಲ್ಲಿಗೆ ಮಾಡುವುದಿಲ್ಲ. ತುಂಡು ನೆಡಬಹುದು, ಆದರೆ ನಿಮ್ಮ ಉದ್ದೇಶಕ್ಕೆ ಗೆಲ್ಲು (ಕೊಂಬೆ) ಬಗ್ಗಿಸಿ ಬೇರು ಬರಿಸುವ ಕ್ರಮವೇ ಒಳ್ಳೆಯದು. ನರ್ಸರಿಯಿಂದ ಒಂದೆರಡು ವರ್ಷದ ಮೂರ್ನಾಲ್ಕು ತಾಯಿಗಿಡ ತನ್ನಿ. 14 ಇಂಚಿನ ಚಟ್ಟಿ, ತಳದಲ್ಲಿ ಕನಿಷ್ಠ ಮೂರು ತೂತು. ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ತೆಂಗಿನ ಸಿಪ್ಪೆ ಒಂದು ಪದರ. ಮಣ್ಣು ಎರಡು ಪಾಲು, ಹೊಯಿಗೆ (ಮರಳು) ಒಂದು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು. ಸಮುದ್ರದ ಹೊಯಿಗೆ ಬೇಡ, ಉಪ್ಪಿಗೆ ಬೇರು ಸುಡ್ತದೆ. ನಮ್ಮ ಕೆಂಪುಮಣ್ಣು ಹುಳಿ ಮಣ್ಣು, ಮೇಲಿಂದ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬಂದು ಸತ್ವ ಎಲ್ಲ ತೊಳೆದುಹೋಗ್ತದೆ. ಅದಕ್ಕೆ ಮಣ್ಣು ಕಲಸುವಾಗಲೇ ಚಟ್ಟಿಗೆ ಒಂದು ಚಮಚ ಡಾಲೋಮೈಟ್ ಸುಣ್ಣ ಸೇರಿಸಿ.

ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ, ಪೆನ್ಸಿಲ್ ದಪ್ಪದ ಉದ್ದ ಗೆಲ್ಲು ಆರಿಸಿ. ತಾಯಿಗಿಡದ ಪಕ್ಕ ಇನ್ನೊಂದು ಚಟ್ಟಿ ಇಡಿ. ಗೆಲ್ಲನ್ನು ಮೆಲ್ಲಗೆ ಬಗ್ಗಿಸಿ, ಮಣ್ಣಿಗೆ ತಾಗುವ ಗಂಟಿನ ಅಡಿಭಾಗದಲ್ಲಿ ಒಂದಿಂಚು ಸಿಪ್ಪೆ ಕೆರೆಯಿರಿ. ಆ ಗಂಟನ್ನು ಎರಡಿಂಚು ಆಳಕ್ಕೆ ಹೂತು ಮೇಲೊಂದು ಕಲ್ಲು ಇಡಿ. ತುದಿ ಅರ್ಧ ಅಡಿ ಹೊರಗೆ ಇರಲಿ. ತಾಯಿಯಿಂದ ಕತ್ತರಿಸಬೇಡಿ. ಬೇರು ಗಟ್ಟಿಯಾಗಲಿಕ್ಕೆ ಮೂರು ತಿಂಗಳು ಬೇಕು, ಕೆಲವು ನಾಲ್ಕೂ ತೆಗೆದುಕೊಳ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲಿಂದ ಮುಂದೆ. ಒಂದು ತಿಂಗಳಲ್ಲಿ ಆ ತುದಿಯಲ್ಲಿ ಹೊಸ ಚಿಗುರು ಬರ್ತದೆ. ಮಕ್ಕಳು "ಬೇರು ಬಂತು" ಅಂತ ಕುಣೀತಾರೆ. ಬೇರು ಬಂದಿರುವುದಿಲ್ಲ. ಆ ಚಿಗುರಿಗೆ ಊಟ ಹೋಗುವುದು ತಾಯಿಯಿಂದ. ಎಲೆ ಚಂದ ಉಂಟು ಅಂತ ಆಗ ಕತ್ತರಿಸಿದರೆ ನಾಲ್ಕೇ ದಿನದಲ್ಲಿ ಬಾಡಿ ಸಾಯ್ತದೆ. ಹಾಗಂತ ನೋಡಲಿಕ್ಕೆ ಎಳೆದರೆ ಕೂದಲೆಳೆಯಷ್ಟು ತೆಳು ಇರುವ ಹೊಸ ಬೇರು ತುಂಡಾಗಿ ಮತ್ತೆ ಮೊದಲಿಂದ ಶುರು.

ಪರೀಕ್ಷೆ ಮಾಡುವ ಕ್ರಮ ಹೀಗೆ. ಅಕ್ಟೋಬರ್ ಮೊದಲಿಗೆ ಗೆಲ್ಲನ್ನು ತಾಯಿಯ ಬದಿಯಲ್ಲಿ ಅರ್ಧದಷ್ಟು ಮಾತ್ರ ಕೊಯ್ಯಿರಿ, ಪೂರ್ತಿ ಅಲ್ಲ. ಹತ್ತು ದಿನ ಮಧ್ಯಾಹ್ನ 12ರಿಂದ 2ರ ಒಳಗೆ ಮಂದಿರದ ಹತ್ತಿರದ ಮನೆಯ ಮಗು ಯಾರಾದರೂ ಹೋಗಿ ತುದಿಯ ಎಲೆ ನೋಡಲಿ. ಬಿಸಿಲಲ್ಲೂ ಬಾಡದಿದ್ದರೆ ಮರಿಗಿಡ ತನ್ನ ನೀರು ತಾನೇ ಕುಡೀತಿದೆ ಅಂತ ಅರ್ಥ, ಆಮೇಲೆ ಪೂರ್ತಿ ಬಿಡಿಸಬಹುದು. ಬಾಡಿದರೆ ಕೊಯ್ದ ಜಾಗಕ್ಕೆ ಒದ್ದೆ ಮಣ್ಣು ಮೆತ್ತಿ, ಬಟ್ಟೆ ಸುತ್ತಿ ಇನ್ನೊಂದು ತಿಂಗಳು ಬಿಡಿ.

ನೀವು ಕೇಳಿದ ಎರಡೂ ಇಷ್ಟರಲ್ಲಿ ಉಂಟು ಟೀಚರೇ. ಮಣ್ಣಿನಡಿಯ ಕೆಲಸವನ್ನು ಅಗೆದು ನೋಡದೆ ಮೂರು ತಿಂಗಳು ನೋಡಿಕೊಳ್ಳುವುದು ಶ್ರದ್ಧೆ. ಪೋಷಣೆಯ ಪಾಠ ಇನ್ನೂ ಸೂಕ್ಷ್ಮ. ಆಸರೆಯಲ್ಲಿ ಇರುವಾಗ ಚಂದ ಕಾಣುವ ಮಗು ತನ್ನ ಕಾಲ ಮೇಲೆ ನಿಂತಿದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಆಸರೆ ಕೊಟ್ಟವರು ಒಮ್ಮೆಲೇ ಕೈಬಿಡಬಾರದು, ಎಂದೆಂದಿಗೂ ಹಿಡಿದುಕೊಂಡೂ ಇರಬಾರದು. 13-14 ವರ್ಷದ ಮಕ್ಕಳಿಗೆ ಈ ಮಾತು ನೇರ ಅರ್ಥ ಆಗ್ತದೆ.

ಇನ್ನು ಸವರುವುದು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆ ಗೆಲ್ಲನ್ನು ಹಾಗೇ ಬಿಟ್ಟರೆ ಪೊದೆ ದೊಡ್ಡದಾಗ್ತದೆ, ಮೊಗ್ಗು ಕಡಿಮೆ ಆಗ್ತಾ ಬರ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ತಾಯಿಗಿಡಕ್ಕೆ ಒಂದು ವಾರ ನೀರು ಕಡಿಮೆ ಮಾಡಿ, ಚಟ್ಟಿಯ ಮಣ್ಣಿನಿಂದ ಒಂದು ಒಂದೂವರೆ ಅಡಿ ಬಿಟ್ಟು ಮೇಲಿನದ್ದನ್ನು ಕತ್ತರಿಸಿ. ನೆಲದ ಗಿಡ ಆದರೆ 50 ಸೆಂಟಿಮೀಟರ್. ಒಣಕಡ್ಡಿ, ಒಳಗೆ ಒಂದಕ್ಕೊಂದು ಉಜ್ಜುವ ಗೆಲ್ಲು ಪೂರ್ತಿ ತೆಗೆಯಿರಿ. ಮೇಲ್ಮಣ್ಣು ಕೆದಕಿ ಎರಡು ಮುಷ್ಟಿ ಹಟ್ಟಿಗೊಬ್ಬರ, ಅರ್ಧ ಮುಷ್ಟಿ ಬೇವಿನ ಹಿಂಡಿ ಹಾಕಿ ನೀರು ಶುರು ಮಾಡಿ. ಚಿಗುರು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ನೆಲಗಡಲೆ ಹಿಂಡಿಯ ನೀರು: 100 ಗ್ರಾಂ ಹಿಂಡಿ, ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಅದಕ್ಕೆ ಹತ್ತು ಲೀಟರ್ ನೀರು ಸೇರಿಸಿ, ಚಟ್ಟಿಗೆ ಅರ್ಧ ಲೀಟರ್. ಹಿಂಡಿಯನ್ನು ಒಣಗಿದ್ದೇ ಬುಡಕ್ಕೆ ಹಾಕಿದರೆ ಇರುವೆ ಬರ್ತದೆ, ಬೂಷ್ಟು ಹಿಡೀತದೆ. ಮಾರ್ಚ್‌ನಿಂದ ಮೇವರೆಗೆ ಹೂವಿನ ಸುಗ್ಗಿ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಬಿದ್ದರೆ ಒಳಗೆ ಹುಳ ಉಂಟು ಅಂತ. ಅಂಥ ಮೊಗ್ಗನ್ನು ಆರಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡ್ತದೆ.

ಬೆಳ್ಮಣ್ ತೋಟ:

ಶಂಕರಪುರದವರು ಹೇಳಿದ್ದಕ್ಕೆ ಸೇರಿಸುವುದು ಇಷ್ಟೇ: ಬೀದಿದೀಪ ಉಂಟು ಅಂದಿರಲ್ಲ, ಅದನ್ನೇ ಪಾಠ ಮಾಡಿ. ಗಿಡ ಸೇವಂತಿಗೆ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದ ಆದಾಗ. ಬಿಸಿಲಿನ ಲೆಕ್ಕಕ್ಕಿಂತ ಅದಕ್ಕೆ ಕತ್ತಲೆಯ ಲೆಕ್ಕ ಮುಖ್ಯ, ಅದೂ ನಡುವೆ ಕಡಿಯದ ಕತ್ತಲೆ. ನಮ್ಮ ಉಡುಪಿಯಲ್ಲಿ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದ ಹತ್ತಿರ. ಈ ಸಣ್ಣ ವ್ಯತ್ಯಾಸವನ್ನು ಗಿಡ ಎಣಿಸ್ತದೆ. ರಾತ್ರಿಯಿಡೀ ದೀಪದ ಬೆಳಕು ಬೀಳುವ ಜಾಗದಲ್ಲಿ ಇಟ್ಟರೆ ಸೊಪ್ಪು ಬರ್ತಾ ಹೋಗ್ತದೆ, ಹೂ ತಡ ಆಗ್ತದೆ, ಕೆಲವು ಸಲ ಬರುವುದೇ ಇಲ್ಲ. ಗೊಬ್ಬರ ಎಷ್ಟು ಹಾಕಿದರೂ ಅದು ಸರಿಯಾಗುವುದಿಲ್ಲ.

ಮಾಡುವುದು ಹೀಗೆ. ಸೇವಂತಿಗೆ ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೊಳೀತದೆ, ಜೂನ್‌ನಲ್ಲಿ ನೆಡಬೇಡಿ. ಆಗಸ್ಟ್ ಕೊನೆಗೆ, ಮಳೆ ಇಳಿದ ಮೇಲೆ, ಬುಡದಲ್ಲಿ ಬರುವ ಮರಿಗಳನ್ನು ಬೇರು ಸಮೇತ ಬಿಡಿಸಿ 8 ಇಂಚಿನ ಚಟ್ಟಿಗೆ ಒಂದೊಂದು ನೆಡಿ. ನಾಲ್ಕು ವಾರ ಆದಾಗ ಅರ್ಧ ಅಡಿ ಬೆಳೆದಿರ್ತದೆ, ಆಗ ತುದಿಯ ಒಂದಿಂಚು ಚಿವುಟಿ. ಚಿವುಟದಿದ್ದರೆ ಒಂದೇ ದಂಟು ಉದ್ದಕ್ಕೆ ಹೋಗಿ ವಾಲ್ತದೆ, ಚಿವುಟಿದರೆ ನಾಲ್ಕೈದು ಕವಲು ಬರ್ತದೆ. ಸೆಪ್ಟೆಂಬರ್ ಕೊನೆಯಿಂದ ಒಂದೇ ಎತ್ತರದ ನಾಲ್ಕು ಚಟ್ಟಿ ಆರಿಸಿ, ಎರಡನ್ನು ಗೇಟಿನ ದೀಪದಡಿ, ಎರಡನ್ನು ಟೆರೇಸಿನ ಕತ್ತಲೆ ಮೂಲೆಯಲ್ಲಿ ಇಡಿ. ಹಗಲು ನಾಲ್ಕಕ್ಕೂ ಒಂದೇ ಬಿಸಿಲು ಸಿಗಬೇಕು, ಇಲ್ಲದಿದ್ದರೆ ವ್ಯತ್ಯಾಸ ಬಂದದ್ದು ಬಿಸಿಲಿನಿಂದಲೋ ದೀಪದಿಂದಲೋ ಗೊತ್ತಾಗುವುದಿಲ್ಲ. ಅಂಗಳದಲ್ಲಿ ನೆರಳು ಇರುವ ಕಾರಣ ಬೆಳಿಗ್ಗೆ ಎತ್ತಿ ಟೆರೇಸಿಗೆ, ಸಂಜೆ ಗೇಟಿಗೆ ತರುವ ಕೆಲಸ ದೊಡ್ಡ ಮಕ್ಕಳಿಗೆ ಕೊಡಿ. ನವೆಂಬರಿನಲ್ಲಿ ಮಕ್ಕಳೇ ಹೇಳ್ತಾರೆ ಎಂತ ಆಯಿತು ಅಂತ.

ಕಷ್ಟ ಕಾಲದಲ್ಲಿ ದೇವರು ಕೈಬಿಟ್ಟಿದ್ದಾನೆ ಅಂತ ಅನಿಸುವವರಿಗೆ ಕತ್ತಲೆಯಲ್ಲೇ ಮೊಗ್ಗು ಕಟ್ಟುವ ಈ ಗಿಡಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ. ಆದರೆ ಎಲ್ಲ ಗಿಡಕ್ಕೂ ಕತ್ತಲೆ ಒಳ್ಳೆಯದು ಅಂತ ಹೇಳಬೇಡಿ. ದಾಸವಾಳವನ್ನು ಹಗಲಿಡೀ ನೆರಳಲ್ಲಿ ಇಟ್ಟರೆ ಮೊಗ್ಗೇ ಬರುವುದಿಲ್ಲ. ಯಾವ ಜೀವಕ್ಕೆ ಎಂತ ಬೇಕು ಅಂತ ತಿಳಿದುಕೊಳ್ಳುವ ತನಕ ಸಾಕುವ ಕೆಲಸ ಶುರುವೇ ಆಗಿಲ್ಲ.

ಇನ್ನೊಂದು, ಅಬ್ಬಲಿಗೆ (ಕನಕಾಂಬರ). ಅರ್ಧ ನೆರಳಿನ ಅಂಗಳಕ್ಕೆ ಅದೇ ಸರಿ. ಅದರ ಒಣಗಿದ ಕಂದು ಕಾಯಿಯನ್ನು ಮಳೆ ಇಲ್ಲದ ದಿನ ಕೊಯ್ದು ಡಬ್ಬಿಯಲ್ಲಿ ಇಡಿ. ತರಗತಿಯಲ್ಲಿ ಒಂದು ತಟ್ಟೆಯಲ್ಲಿ ಹಾಕಿ ಹನಿ ನೀರು ಬಿಡಿಸಿ. ಸ್ವಲ್ಪ ಹೊತ್ತಲ್ಲಿ ಟಪ್ ಅಂತ ಸಿಡಿದು ಬೀಜ ದೂರ ಹಾರ್ತದೆ. ಬೀಜ ಕಣ್ಣಿಗೆ ತಾಗದ ಹಾಗೆ ಮಕ್ಕಳನ್ನು ಎರಡು ಅಡಿ ದೂರ ಕೂರಿಸಿ. ಬೇಸಗೆಯಿಡೀ ಸತ್ತ ಹಾಗೆ ಗಿಡದಲ್ಲೇ ಇರುವ ಕಾಯಿ, ಒದ್ದೆ ತಾಗಿದ ಕ್ಷಣ ಬಿಚ್ಚಿಕೊಳ್ತದೆ. ಮಳೆ ಬಂದಿದೆ, ಮೊಳಕೆಗೆ ನೀರು ಉಂಟು ಅಂತ ಗೊತ್ತಾಗುವ ತನಕ ತಾಯಿಗಿಡ ಬೀಜ ಬಿಡುವುದಿಲ್ಲ. ಆ ಬೀಜವನ್ನೇ ಹೊಯಿಗೆ ಮಿಶ್ರ ಮಣ್ಣಲ್ಲಿ ಕಾಲಿಂಚು ಆಳಕ್ಕೆ ಹಾಕಿ, ಎರಡು ಮೂರು ವಾರದಲ್ಲಿ ಮೊಳಕೆ.

ಅಬ್ಬಲಿಗೆಗೆ ಮುಖ್ಯ ಶತ್ರು ಬೇರುಗಂಟು ಹುಳ. ಗಿಡ ಕುಗ್ಗಿ ಎಲೆ ಹಳದಿ ಆಗ್ತದೆ, ಕಿತ್ತು ನೋಡಿದರೆ ಬೇರಲ್ಲಿ ಸಣ್ಣ ಸಣ್ಣ ಗಂಟು. ಗೊಂಡೆ (ಚೆಂಡು ಹೂ) ಗಿಡದ ಬೇರಿನಿಂದ ಬರುವ ರಸ ಈ ಹುಳವನ್ನು ತಡೀತದೆ. ಆದರೆ ಅಬ್ಬಲಿಗೆಯ ಪಕ್ಕ ಒಂದು ಗೊಂಡೆ ನೆಟ್ಟು ಕೆಲಸ ಆಯಿತು ಅಂತ ತಿಳಿಯಬೇಡಿ. ಮೊದಲು ಅದೇ ಮಣ್ಣಲ್ಲಿ ಎರಡು ಮೂರು ತಿಂಗಳು ಗೊಂಡೆಯನ್ನೇ ಒತ್ತಾಗಿ ಬೆಳೆಸಿ, ಹೂ ಕೊಯ್ದು, ಗಿಡವನ್ನು ಬೇರು ಸಮೇತ ಚೂರು ಮಾಡಿ ಅಲ್ಲೇ ಮಣ್ಣಿಗೆ ಸೇರಿಸಿ, ಆಮೇಲೆ ಅಬ್ಬಲಿಗೆ ನೆಟ್ಟರೆ ಫಲ ಉಂಟು. ಮುಂದೆ ಬರುವವರಿಗಾಗಿ ನೆಲ ಹಸನು ಮಾಡಿ ಹೋಗುವ ಗಿಡ ಅದು. ದೇವಸ್ಥಾನದ ತೋರಣದಲ್ಲಿ ನೋಡುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ.

ಅಂಬಲಪಾಡಿ ಟೀಚರ್:

ಇಬ್ಬರಿಗೂ ತುಂಬಾ ಧನ್ಯವಾದ. ಗೆಲ್ಲು ಬಗ್ಗಿಸುವ ಕ್ರಮ ಮತ್ತು ದೀಪದ ಪ್ರಯೋಗ ಎರಡೂ ಖಂಡಿತ ಮಾಡಿಸ್ತೇವೆ.

ಇನ್ನೆರಡು ಸಂಶಯ. ಮಕ್ಕಳಿಗೆ ಸಾಕುವುದು ಅಂದರೆ ನೀರು ಹಾಕುವುದು ಅಂತಲೇ ಲೆಕ್ಕ. ಹದಿನೈದು ಮಕ್ಕಳು ಪ್ರೀತಿಯಿಂದ ಒಬ್ಬೊಬ್ಬರಾಗಿ ನೀರು ಹೊಯ್ದರೆ ಗಿಡದ ಗತಿ ಎಂತ? ಮತ್ತೆ ಬೆಳೆಸಿದ ಹೂವನ್ನು ದೇವರಿಗೆ ಅರ್ಪಿಸುವ ಕ್ರಮ, ಅರ್ಪಿಸಿದ ಮೇಲೆ ಆ ಹೂವನ್ನು ಎಂತ ಮಾಡುವುದು ಅಂತಲೂ ಹೇಳಿದರೆ ಉಪಕಾರ.

ಬೆಳ್ಮಣ್ ತೋಟ:

ನೀರಿನ ವಿಷಯಕ್ಕೆ ನಾನೇ ಹೇಳ್ತೇನೆ. ಬೇರಿಗೆ ನೀರು ಬೇಕಾದಷ್ಟೇ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೀತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಒದ್ದೆ ಮಣ್ಣಲ್ಲೇ ಗಿಡ ಬಾಡಿದ ಹಾಗೆ ಕಾಣ್ತದೆ. ಅದನ್ನು ನೋಡಿ ಮಕ್ಕಳು ಇನ್ನಷ್ಟು ನೀರು ಹಾಕ್ತಾರೆ, ಗಿಡ ಹೋಗ್ತದೆ. ಬಾಡಿದ ಗಿಡ ಕಂಡರೆ ಮೊದಲು ಬೆರಳು, ಆಮೇಲೆ ಚೆಂಬು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಲಿ. ತಂಪು ತಾಗಿದರೆ ನೀರು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆರೇಸಿನ ಚಟ್ಟಿಗೆ ಹೆಚ್ಚಾಗಿ ನೀರಿನ ಅಗತ್ಯ ಇರುವುದಿಲ್ಲ. ಚಟ್ಟಿಯಡಿಯ ತಟ್ಟೆ ತೆಗೆಯಿರಿ, ಎರಡು ಇಟ್ಟಿಗೆ ಮೇಲೆ ಎತ್ತಿಡಿ, ಹೆಚ್ಚು ದಿನ ಬಿಡದೆ ಸುರಿದರೆ ಮಾಡಿನಡಿ ತನ್ನಿ. ಮಾರ್ಚ್ ಬಿಸಿಲಿಗೆ 14 ಇಂಚಿನ ಚಟ್ಟಿಗೆ ಬೆಳಿಗ್ಗೆ ಎರಡು ಲೀಟರ್, ತೂತಿನಿಂದ ನೀರು ಹೊರಗೆ ಕಾಣುವ ತನಕ.

ಹದಿನೈದು ಮಕ್ಕಳೂ ಎಲ್ಲ ಗಿಡಕ್ಕೆ ಕೈ ಹಾಕುವುದು ಬೇಡ. ನಾಲ್ಕೈದು ಮಕ್ಕಳಿಗೆ ಒಂದು ತಾಯಿಗಿಡ, ವಾರಕ್ಕೊಬ್ಬರ ಸರದಿ. ನೀರು ಹಾಕದ ದಿನವೂ ನೋಡಿ ಬರೆದಿಡಬೇಕು, "ಬೆರಳಿಗೆ ತಂಪು, ನೀರು ಹಾಕಲಿಲ್ಲ" ಅಂತ. ಪ್ರೀತಿ ಉಂಟು ಅಂತ ಕೊಡುವುದಕ್ಕೂ ಬೇಕು ಅಂತ ಕೊಡುವುದಕ್ಕೂ ಇರುವ ಅಂತರ ಆ ಪುಸ್ತಕದಲ್ಲಿ ತಾನಾಗಿ ಕಾಣ್ತದೆ. ಮನೆಯಲ್ಲಿ ಅಜ್ಜ ಅಜ್ಜಿಯನ್ನು, ತಮ್ಮ ತಂಗಿಯನ್ನು ನೋಡಿಕೊಳ್ಳುವ ಮಕ್ಕಳಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಬೆಂದೂರು ಹೂದಾನಿ:

ಟೀಚರ್, ನಮ್ಮ ಮಂಗಳೂರು ಕಥೊಲಿಕ ಮನೆಗಳಲ್ಲಿ ಇದೇ ಕೆಲಸಕ್ಕೆ ಮೊಂತಿ ಫೆಸ್ತ್ ಉಂಟು. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಅದಕ್ಕಿಂತ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ದಿನಾ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿ, ಊಟ ಪೂರ್ತಿ ತರಕಾರಿಯದ್ದು. ಹೂವು ಪೇಟೆಯಿಂದ ತರುವುದಕ್ಕಿಂತ ಮಗು ತಾನೇ ಬೆಳೆಸಿದ್ದಾದರೆ ಆ ಒಂಬತ್ತು ದಿನಕ್ಕೆ ತೂಕ ಬರ್ತದೆ. ನಿಮ್ಮ ತರಗತಿಗೂ ಇದರ ತಯಾರಿ ಉಪಯೋಗ ಆಗಬಹುದು, ಅಷ್ಟಮಿ, ಚೌತಿ ಎಲ್ಲ ಆಸುಪಾಸಿನಲ್ಲೇ ಬರ್ತದಲ್ಲ.

ಆಗಸ್ಟ್ ಕೊನೆಗೆ ಹೂ ಬೇಕಾದರೆ ಲೆಕ್ಕ ಹಿಂದಿನಿಂದ ಹಾಕಬೇಕು. ಕರ್ಣಕುಂಡಲ, ಗೊಂಡೆ, ಜಿನಿಯಾ ಬೀಜ ಬಿತ್ತಿ ಹೂ ಬರಲಿಕ್ಕೆ 45ರಿಂದ 60 ದಿನ. ಅಂದರೆ ಜೂನ್ 20ರಿಂದ ಜುಲೈ 1ರ ಒಳಗೆ ಬೀಜ ಮಣ್ಣಿಗೆ ಬೀಳಬೇಕು. ಆ ಸಮಯದ ಮಳೆಗೆ ಬಯಲಲ್ಲಿ ಬಿತ್ತಿದ ಬೀಜ ಹೊಳೆಗೆ ಹೋಗ್ತದೆ. ಮಾಡಿನಡಿ ತೂತಿರುವ ಹಳೆ ಟ್ರೇಯಲ್ಲಿ ಹೊಯಿಗೆ ಮತ್ತು ಸುಡುಮಣ್ಣು ಸಮಪಾಲು ಹಾಕಿ ಬಿತ್ತಿ. ನಾಲ್ಕು ಎಲೆ ಬಂದ ಮೇಲೆ ಒಂದೊಂದನ್ನು 6 ಇಂಚಿನ ಚಟ್ಟಿಗೆ ಸಾಗಿಸಿ. ಒಂದೇ ಕಡೆ ಒತ್ತಾಗಿ ಬಿಟ್ಟರೆ ಸಸಿ ಬುಡದಲ್ಲಿ ಕೊಳೆತು ಮಲಗ್ತದೆ. ಗೊಂಡೆ, ಜಿನಿಯಾಗಳಿಗೆ ಮಳೆ ಬಿಟ್ಟಾಗ ಬಿಸಿಲು ಸಿಗಲೇಬೇಕು, ಕರ್ಣಕುಂಡಲ ನಮ್ಮ ಮಳೆಗೇ ಹುಟ್ಟಿದ ಗಿಡದ ಹಾಗೆ ಬೆಳೀತದೆ.

ಒಂದು ಮಾತು ಹೇಳಬೇಕು. ಮತ್ತಾಯನ ಸುವಾರ್ತೆಯಲ್ಲಿ ಯೇಸುಸ್ವಾಮಿ ಹೊಲದ ಹೂಗಳನ್ನು ತೋರಿಸಿ, ಅವು ದುಡಿಯುವುದಿಲ್ಲ, ನೂಲುವುದಿಲ್ಲ, ಆದರೂ ಅರಸ ಸೊಲೊಮೋನನ ವೈಭವಕ್ಕಿಂತ ಚಂದ ಅಂತ ಹೇಳಿದ್ದು ಎಲ್ಲರಿಗೂ ಗೊತ್ತು. ಮಕ್ಕಳು ಅದನ್ನು ಕೇಳಿ, ಹಾಗಾದರೆ ನೀರು ಯಾಕೆ ಹಾಕಬೇಕು ಅಂತ ಕೇಳ್ತಾರೆ. ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳಬೇಡಿ. ಅಲ್ಲಿ ಹೇಳಿದ್ದು ಯಾರೂ ನೆಡದೆ ತಾನಾಗಿ ಬಂದ ಹೊಲದ ಹೂವಿನ ಬಗ್ಗೆ. ಚಟ್ಟಿಯಲ್ಲಿ ನಾವೇ ತಂದು ಕಟ್ಟಿಹಾಕಿದ ಗಿಡದ ಬೇರು ನೀರು ಹುಡುಕಿಕೊಂಡು ಹೋಗಲಿಕ್ಕೆ ಆಗುವುದಿಲ್ಲ, ಆ ಹೊಣೆ ಈಗ ನಮ್ಮದು. ಮತ್ತೆ ಆ ಅಧ್ಯಾಯ ನಾಳೆಯ ಚಿಂತೆ ಬಿಡಲಿಕ್ಕೆ ಹೇಳ್ತದೆ, ಇವತ್ತಿನ ಕೆಲಸ ಬಿಡಲಿಕ್ಕೆ ಅಲ್ಲ. ಎರಡನ್ನೂ ತೋರಿಸಬೇಕಾದರೆ ಒಂದು ಶನಿವಾರ ಮಕ್ಕಳನ್ನು ಗದ್ದೆಯ ಅಂಚಿಗೆ ಕರೆದುಕೊಂಡು ಹೋಗಿ. ಅಲ್ಲಿ ಅರಳಿರುವ ಪುಟ್ಟ ಹೂಗಳಿಗೆ ನೀರು ಹೊಯ್ದವರು ಯಾರು ಅಂತ ಕೇಳಿ. ಉತ್ತರ ಅವರೇ ಹೇಳಲಿ.

ರಥಬೀದಿ:

ಟೀಚರ್ ಕೇಳಿದ ಅರ್ಪಣೆಯ ವಿಷಯ. ಸಾಮಾನ್ಯವಾಗಿ ಪಾಲಿಸುವ ನಿಯಮ: ಬೆಳಿಗ್ಗೆ ಸ್ನಾನ ಮಾಡಿ ಕೊಯ್ಯುವುದು, ಮೂಸಿ ನೋಡದ ಹೂ, ಹುಳ ತಿಂದಿರದ ಹೂ, ನೆಲಕ್ಕೆ ಬಿದ್ದಿರದ ಹೂ. ತುಳಸಿಯನ್ನು ಸಂಜೆ ಮೇಲೆ, ದ್ವಾದಶಿಯ ದಿನ ಕೊಯ್ಯುವುದಿಲ್ಲ. ಗಿಡವನ್ನು ಬೋಳಿಸಬಾರದು ಅಂತ ನಮ್ಮ ಹಿರಿಯರು ಹೇಳುವುದು ಗಿಡಕ್ಕೂ ಒಳ್ಳೆಯದೇ. ತುಳಸಿಯ ತುದಿಯ ನಾಲ್ಕೆಲೆ ಚಿವುಟಿದರೆ ಕವಲೊಡೆಯುತ್ತದೆ, ಕದಿರು ಕಟ್ಟಿ ಒಣಗಲಿಕ್ಕೆ ಬಿಟ್ಟರೆ ಗಿಡ ಬೇಗ ಮುದಿಯಾಗ್ತದೆ.

ಬಿದ್ದ ಹೂ ಸಲ್ಲದು ಅನ್ನುವ ನಿಯಮಕ್ಕೆ ಪಾರಿಜಾತ ಹೊರತು. ಅದು ಸಂಜೆ ಅರಳಿ ಬೆಳಕು ಹರಿಯುವ ಮೊದಲೇ ತಾನಾಗಿ ಉದುರ್ತದೆ, ಹಾಗೆ ಉದುರಿದ್ದನ್ನೇ ಆರಿಸಿ ಇಡುತ್ತೇವೆ. ಕೊಯ್ಯುವ ಕೈ ಇಲ್ಲದೆ ತಾನೇ ಕೊಟ್ಟುಕೊಂಡ ಹೂವು ಅದು. ಮರದಡಿ ರಾತ್ರಿ ಒಗೆದ ಬಿಳಿ ಬಟ್ಟೆ ಹಾಸಿದರೆ ಮಣ್ಣು ತಾಗದೆ ಸಿಗ್ತದೆ. ಅಂಗಳದಲ್ಲಿ ಜಾಗ ಇದ್ದರೆ ಒಂದು ನೆಲದಲ್ಲೇ ನೆಡಿ, ಚಟ್ಟಿಯಲ್ಲಿ ಬಹಳ ವರ್ಷ ನಿಲ್ಲುವುದಿಲ್ಲ.

ಕೊಂಕಣಿ ಮನೆಗಳ ಚೂಡಿ ಪೂಜೆಯನ್ನು ಇಲ್ಲಿ ಮರೆಯಬಾರದು. ಶ್ರಾವಣದ ಶುಕ್ರವಾರ, ಭಾನುವಾರಗಳಲ್ಲಿ ಗರಿಕೆ, ರತ್ನಗಂಧಿ, ಜೊತೆಗೆ ಬೇಲಿಯ ಬದಿ, ಗೋಡೆಯ ಬುಡದಲ್ಲಿ ಸಿಗುವ ಪುಟ್ಟ ಪುಟ್ಟ ಎಲೆ ಹೂ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ ತುಳಸಿಗೆ ಇಡ್ತಾರೆ, ಆಮೇಲೆ ಹಿರಿಯರಿಗೆ ಕೊಟ್ಟು ನಮಸ್ಕರಿಸ್ತಾರೆ. ಪೇಟೆಯಲ್ಲಿ ಬೆಲೆ ಇಲ್ಲದ ಕಳೆಗಿಡಕ್ಕೂ ದೇವರ ಮುಂದೆ ಜಾಗ ಉಂಟು ಅಂತ ಕಲಿಸುವ ಪೂಜೆ. ಕಟ್ಟಲಿಕ್ಕೆ ಕಷ್ಟ ಇಲ್ಲ: ಒಣಗಿದ ಬಾಳೆ ಹಾಳೆಯನ್ನು ಉದ್ದಕ್ಕೆ ಸೀಳಿ ಹತ್ತು ನಿಮಿಷ ನೀರಲ್ಲಿ ಇಡಿ, ಇಲ್ಲದಿದ್ದರೆ ಬಿಗಿಯುವಾಗ ತುಂಡಾಗ್ತದೆ. ಗರಿಕೆ ಹಿಂದೆ, ಅಗಲದ ಎಲೆ ನಡುವೆ, ಹೂ ಮುಂದೆ ಹಿಡಿದು ಎರಡು ಸುತ್ತು ಸುತ್ತಿ ಗಂಟು.

ಗೀತೆಯ ಒಂಬತ್ತನೇ ಅಧ್ಯಾಯದ "ಪತ್ರಂ ಪುಷ್ಪಂ ಫಲಂ ತೋಯಂ" ಶ್ಲೋಕವನ್ನು ಹೇಗೂ ಬಾಯಿಪಾಠ ಮಾಡಿಸಿರ್ತೀರಿ. ಅದರ ಜೊತೆಗೆ ಪೂಜೆಯಲ್ಲಿ ಹೇಳುವ ಎಂಟು ಭಾವಪುಷ್ಪಗಳ ಶ್ಲೋಕವನ್ನೂ ಸೇರಿಸಿ. "ಅಹಿಂಸಾ ಪ್ರಥಮಂ ಪುಷ್ಪಂ" ಅಂತ ಶುರು. ಅಹಿಂಸೆ, ಇಂದ್ರಿಯನಿಗ್ರಹ, ಸರ್ವಭೂತದಯೆ, ಕ್ಷಮೆ, ಜ್ಞಾನ, ತಪಸ್ಸು, ಧ್ಯಾನ, ಸತ್ಯ. ಪಾಠಭೇದದಲ್ಲಿ ಕೆಲವರು ಜ್ಞಾನದ ಜಾಗದಲ್ಲಿ ಶಾಂತಿ ಹೇಳ್ತಾರೆ. ಎಂಟನ್ನೂ ಒಂದೇ ದಿನ ಹೇಳಿ ಮುಗಿಸಬೇಡಿ. ಬೇವಿನೆಣ್ಣೆ ಸಿಂಪಡಿಸುವ ವಾರ ಅಹಿಂಸೆಯ ಚರ್ಚೆ ತನ್ನಿಂದ ತಾನೇ ಬರ್ತದೆ, ಹುಳವನ್ನು ಕೊಲ್ಲಬಹುದೇ ಅಂತ ಮಗು ಖಂಡಿತ ಕೇಳ್ತದೆ. ಸುಲಭದ ಉತ್ತರ ಕೊಡಬೇಡಿ. ಕೈಯಲ್ಲಿ ಆರಿಸಿ ತೆಗೆಯುವುದು, ಬೇವಿನೆಣ್ಣೆ, ಕೊನೆಗೆ ಗೆಲ್ಲು ಕತ್ತರಿಸುವುದು, ಈ ಕ್ರಮದಲ್ಲಿ ಕಡಿಮೆ ಹಿಂಸೆಯ ದಾರಿಯನ್ನು ಮೊದಲು ಹಿಡಿಯುವುದು ಅಭ್ಯಾಸ ಆಗಲಿ. ಯಾರದೋ ಸರದಿಯಲ್ಲಿ ಗಿಡ ಸತ್ತರೆ ಆ ವಾರ ಕ್ಷಮೆ.

ನಾಗಬನ ಹತ್ತಿರ ಇದ್ದರೆ ಅದನ್ನೂ ತೋರಿಸಿ. ನಾಗರಪಂಚಮಿಗೆ ಕೇದಗೆ, ಹಿಂಗಾರ (ಅಡಿಕೆ ಹೂ) ಅರ್ಪಿಸುವ ಜಾಗ ಅದು. ಅಲ್ಲಿ ಗಿಡ ಕಡಿಯದೆ, ಗೊಬ್ಬರ ಹಾಕದೆ ಬಿಟ್ಟದ್ದೇ ಪೋಷಣೆ. ಈಗ ಮರ ತೆಗೆದು ಸಿಮೆಂಟು, ಟೈಲ್ಸ್ ಹಾಕುವುದು ಹೆಚ್ಚಾಗಿದೆ. ಬನ ಹೋದ ಮೇಲೆ ಉಳಿಯುವುದು ಕಟ್ಟೆ ಮಾತ್ರ ಅನ್ನುವುದು ಬಹಳ ನೋವಿನ ಸಂಗತಿ.

ನಿರ್ಮಾಲ್ಯವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಹೊಳೆಗೆ ಬಿಡುವುದು ಬೇಡ. ತಳದಲ್ಲಿ ಮತ್ತು ಬದಿಯಲ್ಲಿ ತೂತು ಮಾಡಿದ 20 ಲೀಟರಿನ ಬಕೆಟ್ ಸಾಕು. ಮೊದಲು ನೂಲು, ಸರಿಗೆ, ಪ್ಲಾಸ್ಟಿಕ್ ಎಲ್ಲ ಬೇರ್ಪಡಿಸಿ. ಬಾಳೆನಾರು ಇರಲಿ, ಅದು ಕಳೀತದೆ. ಒಂದು ಪಾಲು ಹೂವಿಗೆ ಎರಡು ಪಾಲು ಒಣ ತರಗೆಲೆ, ಪದರ ಪದರವಾಗಿ. ನಡುವೆ ಒಂದು ಮುಷ್ಟಿ ಹಳೆ ಗೊಬ್ಬರ ಅಥವಾ ಸೆಗಣಿ ನೀರು. ವಾರಕ್ಕೊಮ್ಮೆ ಕೋಲಿನಿಂದ ಮಗುಚಿ. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ, ತರಗೆಲೆ ಸೇರಿಸಿ. ಇರುವೆ ಬಂದರೆ ಒಣಗಿದೆ, ನೀರು ಚಿಮುಕಿಸಿ. ಕುಂಕುಮ, ಎಣ್ಣೆ ತಾಗಿದ ಹೂವನ್ನು ಬೇರೆ ಇಟ್ಟು ತೆಂಗಿನ ಬುಡಕ್ಕೆ ಹಾಕಿ. ಎರಡು ಎರಡೂವರೆ ತಿಂಗಳಲ್ಲಿ ಕಪ್ಪಗೆ, ಮಣ್ಣಿನ ಪರಿಮಳ ಬರುವ ಹಾಗೆ ಆಗ್ತದೆ. ಅಕ್ಟೋಬರಿನಲ್ಲಿ ಬಿಡಿಸುವ ಮಲ್ಲಿಗೆ ಮರಿಗಳಿಗೆ ಕೊಡಬೇಕಾದರೆ ಬಕೆಟ್ ತುಂಬಲಿಕ್ಕೆ ಜುಲೈಯಲ್ಲೇ ಶುರು ಮಾಡಿ, ಮಳೆ ನೀರು ಬೀಳದ ಹಾಗೆ ಮುಚ್ಚಳ ಇರಲಿ. ಮರಿಯ ಚಟ್ಟಿಗೆ ಒಂದು ಮುಷ್ಟಿ, ದಂಟಿಗೆ ತಾಗದ ಹಾಗೆ ಎರಡಿಂಚು ದೂರದಲ್ಲಿ.